ನನ್ನ ಮಾತು ನನ್ನ ಬಾಯಿಂದಲೇ ಬರಲಿ

ನನಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಚಿಕ್ಕದಾಗಿ ಸಿಪಿ ಅಂತಾರೆ. ಬೆಳೆಯುವ ಮೆದುಳಿಗೆ ಪೆಟ್ಟಾಗಿ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ ಇದು. ಮನೆಯೊಳಗೆ ವಾಕರ್ ಹಿಡಿದು ಓಡಾಡುತ್ತೇನೆ, ಹೊರಗೆ ವೀಲ್‌ಚೇರ್. ಕೈ ನಾನು ಹೇಳಿದ ಕಡೆ ಹೋಗುವುದಕ್ಕಿಂತ ತನಗೆ ತೋಚಿದ ಕಡೆ ಹೋಗುವುದೇ ಜಾಸ್ತಿ. ಮಾತು ನಿಧಾನ, ಎಳೆದೆಳೆದು ಬರುತ್ತದೆ. ಇದಕ್ಕೆಲ್ಲ ಒಗ್ಗಿಕೊಂಡಿದ್ದೇನೆ. ಒಗ್ಗದೇ ಇರುವುದು ಒಂದೇ. ನಾನು ಎದುರಿಗೇ ಕೂತಿರುವಾಗ ಪಕ್ಕದವರನ್ನು "ಇವಳಿಗೆ ಏನು ಬೇಕಂತೆ?" ಎಂದು ಕೇಳುತ್ತಾರಲ್ಲ, ಅದು. ವಯಸ್ಸು ನಲವತ್ತರ ಹತ್ತಿರ ಬಂತು, ಇನ್ನೂ ಕೆನ್ನೆ ತಟ್ಟುವವರಿದ್ದಾರೆ! ಇದನ್ನು ಕಡಿಮೆ ಮಾಡಿಕೊಳ್ಳಲು ನಾನು ಕಂಡುಕೊಂಡ ಕೆಲವು ದಾರಿಗಳನ್ನು ಬರೆಯುತ್ತಿದ್ದೇನೆ.

ಮೊದಲು ತಯಾರು ಮಾಡಬೇಕಾದದ್ದು ಎದುರಿನವರನ್ನಲ್ಲ, ಜೊತೆಗೆ ಬರುವವರನ್ನು. ನನ್ನ ಜೊತೆ ಹೆಚ್ಚಾಗಿ ತಮ್ಮ ಬರುತ್ತಾನೆ. ನಾನು ಅರ್ಧ ಹೇಳುವಷ್ಟರಲ್ಲಿ ಅವನಿಗೆ ಪೂರ್ತಿ ಗೊತ್ತಾಗಿಬಿಡುತ್ತದೆ. ಹಾಗಾಗಿ ನಡುವೆ ಬಾಯಿ ಹಾಕುತ್ತಿದ್ದ. ಪಾಪ, ಪ್ರೀತಿಯಿಂದಲೇ. ಈಗ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಇದೆ. ಕೌಂಟರ್ ಬಂದ ಕೂಡಲೇ ಅವನು ನನ್ನ ಹಿಂದೆ ಸರಿಯುತ್ತಾನೆ. ಯಾರಾದರೂ ಅವನನ್ನೇ ಕೇಳಿದರೆ ಉತ್ತರ ಕೊಡುವುದಿಲ್ಲ, ಸುಮ್ನೆ ನನ್ನ ಮುಖ ನೋಡುತ್ತಾನೆ. ಅವನ ಕಣ್ಣು ಎಲ್ಲಿಗೆ ಹೋಗುತ್ತದೋ ಕೇಳಿದವರ ಕಣ್ಣೂ ಅಲ್ಲಿಗೇ ಬರುತ್ತದೆ. ಜಗಳ ಮಾಡಿ ಆಗದ ಕೆಲಸ ಇದರಿಂದ ಆಗಿದೆ.

ಒಂದು ಬ್ಯಾಂಕಿನಲ್ಲಿ ನಡೆದದ್ದು ಹೇಳುತ್ತೇನೆ. ಗುಮಾಸ್ತರು ಫಾರಂ ಹಿಡಿದು ತಮ್ಮನನ್ನು ಕೇಳಿದರು, "ಇವರಿಗೆ ಸಹಿ ಮಾಡೋಕೆ ಬರುತ್ತಾ?" ತಮ್ಮ ನನ್ನ ಕಡೆ ನೋಡಿದ. ನಾನು, "ಬರುತ್ತೆ ಸಾರ್. ಪೇಪರ್ ಜಾರುತ್ತೆ. ಸ್ವಲ್ಪ ಹಿಡ್ಕೊಳ್ಳಿ" ಅಂದೆ. ಅವರು ಎರಡೂ ಕೈಯಿಂದ ಫಾರಂ ಒತ್ತಿ ಹಿಡಿದರು. ನನ್ನ ಪೆನ್ನಿಗೆ ದಪ್ಪ ಬಟ್ಟೆ ಸುತ್ತಿದ್ದೇನೆ, ಹಿಡಿತ ಸಿಗಲಿ ಅಂತ. ಪೆನ್ನು ಕಾಗದ ಮುಟ್ಟುವ ಮೊದಲು ಕೈ ಗಾಳಿಯಲ್ಲಿ ಒಂದೆರಡು ಸುತ್ತು ಹಾಕಿತು. ಅವರು ಕಾದರು. ಸಹಿ ಮುಗಿದ ಮೇಲೆ ಮುಂದಿನ ಪ್ರಶ್ನೆ ನೇರವಾಗಿ ನನಗೇ ಬಂತು, "ಮೊಬೈಲ್ ನಂಬರ್ ಹೇಳಿ ಮೇಡಂ." ಅಲ್ಲಿಂದ ನನಗೆ ಹೊಳೆದದ್ದಿಷ್ಟು. ತುಂಬ ಜನಕ್ಕೆ ನಮ್ಮ ಮೇಲೆ ತಾತ್ಸಾರ ಇರುವುದಿಲ್ಲ, ಗಾಬರಿ ಇರುತ್ತದೆ. ಏನು ಮಾಡಬೇಕೋ ಗೊತ್ತಿಲ್ಲ. ಒಂದು ಸಣ್ಣ ಕೆಲಸ ಹೇಳಿದರೆ ಗಾಬರಿ ಇಳಿಯುತ್ತದೆ.

ಅವಸರ ಮಾಡಿದರೆ ಮಾತ್ರ ಎಲ್ಲ ಕೆಡುತ್ತದೆ. ನನ್ನಂಥವರಿಗೆ ಆತಂಕವಾದಷ್ಟೂ ಸ್ನಾಯುಗಳು ಬಿಗಿಯುತ್ತವೆ, ಬೇಡದ ಚಲನೆ ಹೆಚ್ಚುತ್ತದೆ. ನಿದ್ದೆಯಲ್ಲಿ ಅದೇ ಕೈಕಾಲು ತಣ್ಣಗೆ ಬಿದ್ದಿರುತ್ತವೆ. "ಬೇಗ ಹೇಳಿ" ಅಂದರೆ ಇನ್ನೂ ತಡವಾಗುತ್ತದೆ ಅಂತ ಈಗ ನಾನೇ ನಗುತ್ತಾ ಹೇಳಿಬಿಡುತ್ತೇನೆ.

ಮಾತಿನ ವಿಷಯದಲ್ಲಿ ಸ್ಪೀಚ್ ಥೆರಪಿಸ್ಟ್ ಕಲಿಸಿದ ಒಂದು ಉಪಾಯ ತುಂಬ ಕೆಲಸಕ್ಕೆ ಬಂದಿದೆ. ಮೊದಲು ವಿಷಯವನ್ನು ಒಂದೇ ಪದದಲ್ಲಿ ಹೇಳುವುದು. "ಪಾಸ್‌ಬುಕ್." ಆಮೇಲೆ ವಾಕ್ಯ. ಯಾವುದರ ಬಗ್ಗೆ ಅಂತ ಗೊತ್ತಾದರೆ ಕೇಳುವವರ ಕಿವಿ ಅರ್ಧ ಕೆಲಸ ಮಾಡಿಕೊಡುತ್ತದೆ. ಆದರೂ ತಿಳಿಯದಿದ್ದರೆ ಆ ಪದದ ಮೊದಲ ಅಕ್ಷರವನ್ನು ಫೋನಿನಲ್ಲಿ ತೋರಿಸುತ್ತೇನೆ. ಇನ್ನು ಅರ್ಥವಾಗದೆಯೂ "ಹ್ಞೂಂ ಹ್ಞೂಂ" ಅಂತ ತಲೆ ಆಡಿಸುವವರು. ಮುಖದ ಮೇಲೆ ಬಾಗಿಲು ಹಾಕುವವರಿಗಿಂತ ಇವರೇ ಕಷ್ಟ. ಅವರನ್ನು ಕೇಳುತ್ತೇನೆ, "ನಾನು ಏನಂದೆ, ಹೇಳಿ ನೋಡೋಣ." ಕೆಲವರಿಗೆ ಮುಜುಗರವಾಗುತ್ತದೆ. ಆಗಲಿ.

2011ರಲ್ಲಿ ಸಿಪಿ ಇರುವವರ ಸಂವಹನ ಅಳೆಯಲು ಸಿಎಫ್‌ಸಿಎಸ್ ಅನ್ನುವ ಐದು ಹಂತಗಳ ವರ್ಗೀಕರಣ ಬಂತು. ಅದರಲ್ಲಿ ನನಗೆ ಹಿಡಿಸಿದ್ದೆಂದರೆ, ಉಚ್ಚಾರ ಎಷ್ಟು ಸ್ಪಷ್ಟ ಅನ್ನುವುದನ್ನಷ್ಟೇ ಅದು ನೋಡುವುದಿಲ್ಲ. ಪರಿಚಯದವರ ಜೊತೆ ಮಾತು ಹೇಗೆ ಸಾಗುತ್ತದೆ, ಹೊಸಬರ ಜೊತೆ ಹೇಗೆ ಅಂತ ಬೇರೆಬೇರೆಯಾಗಿ ನೋಡುತ್ತದೆ. ತಮ್ಮನ ಜೊತೆ ರಾತ್ರಿಯೆಲ್ಲ ಹರಟುವ ನಾನು ಕೌಂಟರ್ ಮುಂದೆ ಮಾತೇ ಬಾರದವಳ ಹಾಗೆ ಕಾಣುತ್ತೇನೆ ಅಂದರೆ, ತೊಂದರೆ ಅರ್ಧ ಕೌಂಟರಿನ ಆಚೆಗೂ ಇದೆ ಅಲ್ವಾ?

"ನನಗೆ ಎಲ್ಲ ಅರ್ಥ ಆಗುತ್ತೆ, ಬುದ್ಧಿ ಸರಿಯಿದೆ" ಎನ್ನುವ ಮಾತನ್ನು ಮಾತ್ರ ನಾನು ಬಳಸುವುದಿಲ್ಲ. ಸಿಪಿ ಇರುವ ಸುಮಾರು ಅರ್ಧದಷ್ಟು ಜನರಿಗೆ ಬುದ್ಧಿಶಕ್ತಿಯ ತೊಂದರೆಯೂ ಇರುತ್ತದೆ. ಅವರಿಗೆ ಮರ್ಯಾದೆ ಬೇಡವೇ? ಅದಕ್ಕೇ ನನ್ನ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಇಷ್ಟೇ ಬರೆದಿಟ್ಟಿದ್ದೇನೆ: "ನನ್ನ ಮಾತು ನಿಧಾನ. ದಯವಿಟ್ಟು ನನ್ನ ಜೊತೆಯೇ ಮಾತಾಡಿ. ತಿಳಿಯದಿದ್ದರೆ ಇನ್ನೊಂದು ಸಲ ಕೇಳಿ."

ಮುಟ್ಟುವ ವಿಷಯ. ಸಿಪಿಯಲ್ಲಿ ಸಣ್ಣ ಸದ್ದಿಗೂ ಮೈ ಬೆಚ್ಚಿಬೀಳುವುದು ಸಾಮಾನ್ಯ. ಹಿಂದಿನಿಂದ ಬಂದು ವೀಲ್‌ಚೇರ್ ತಳ್ಳಿದರೆ ನನ್ನ ಕೈ ಚಿಮ್ಮಿ ಯಾರಿಗಾದರೂ ಬಡಿಯುತ್ತದೆ. ಆಮೇಲೆ ಬೈಗುಳ ನನಗೇ. ನಿಂತ ಕೂಡಲೇ ಬ್ರೇಕ್ ಹಾಕುವುದು ಈಗ ನನ್ನ ಅಭ್ಯಾಸ. "ಮುಂದೆ ಬಂದು ಹೇಳಿ, ಆಮೇಲೆ ಮುಟ್ಟಿ" ಅನ್ನುವುದು ಎಲ್ಲರಿಗೂ ಹೇಳುವ ಮಾತು.

ಅಮ್ಮನಿಗೆ ಬೇರೆ ಥರದ ಕಾಟ. "ಹೆರಿಗೆಯಲ್ಲಿ ಏನು ಎಡವಟ್ಟಾಯ್ತು?" ಅಂತ ಇವತ್ತಿಗೂ ಕೇಳುತ್ತಾರೆ. ಈ ಪ್ರಶ್ನೆ ಹಳೆಯದು. 1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಲಿಟಲ್ ಸಿಪಿಯನ್ನು ಕಷ್ಟದ ಹೆರಿಗೆಗೆ ಗಂಟುಹಾಕಿದ್ದರು. ಎಲ್ಲವನ್ನೂ ಹೆರಿಗೆಯ ಮೇಲೆ ಹಾಕುವುದು ಸರಿಯಲ್ಲ ಅಂತ 1897ರಲ್ಲೇ ಸಿಗ್ಮಂಡ್ ಫ್ರಾಯ್ಡ್ ಬರೆದರು. ಹೌದು, ಮನೋವಿಶ್ಲೇಷಣೆಗೆ ಹೆಸರಾದ ಅದೇ ಫ್ರಾಯ್ಡ್. ಬೆಳೆಯುತ್ತಿರುವ ಮೆದುಳಿಗೆ ಹೆರಿಗೆಗೆ ಮುಂಚೆಯೇ ಪೆಟ್ಟಾಗಿರುವುದೇ ಹೆಚ್ಚು. ಅಮ್ಮ ಈಗ "ಡಾಕ್ಟರೇ ಹೇಳಿಲ್ಲ, ನಿಮಗೆ ಹೇಗೆ ಗೊತ್ತು?" ಅಂತ ತಿರುಗಿಸಿ ಕೇಳುತ್ತಾರೆ. ನನ್ನ ಉಪಾಯಗಳಿಗಿಂತ ಅದೇ ಚುರುಕು.

ಎಲ್ಲ ಕಡೆ ಹೋರಾಡಲು ಆಗುವುದಿಲ್ಲ. ನಾಲ್ಕು ಹೆಜ್ಜೆಗೇ ಮೈ ದಣಿಯುತ್ತದೆ, ಮಾತಾಡುವುದೂ ಮೈಗೆ ಕೆಲಸವೇ. ಹಾಗಾಗಿ ಮತ್ತೆಮತ್ತೆ ಹೋಗುವ ಜಾಗಗಳಲ್ಲಿ ಮಾತ್ರ ತಾಳ್ಮೆ ಖರ್ಚು ಮಾಡುತ್ತೇನೆ. ಆಸ್ಪತ್ರೆ, ಬ್ಯಾಂಕು, ಕೆಲಸದ ಜಾಗ. ಡಾಕ್ಟರ ಹತ್ತಿರ ಹೋಗುವಾಗ ಪ್ರಶ್ನೆಗಳನ್ನು ಮೊದಲೇ ಟೈಪ್ ಮಾಡಿ ಕೊಡುತ್ತೇನೆ, ಉಸಿರು ಉಳಿಯುತ್ತದೆ. ರಸ್ತೆಯಲ್ಲಿ "ಅಯ್ಯೋ ಪಾಪ" ಅಂದು ಹೋಗುವವರನ್ನು ಬಿಟ್ಟುಬಿಡುತ್ತೇನೆ.

ಫೋನ್ ಕರೆಗೆ ಮಾತ್ರ ಇನ್ನೂ ಸರಿಯಾದ ದಾರಿ ಸಿಕ್ಕಿಲ್ಲ. ಕುಡಿದು ಮಾತಾಡುತ್ತಿದ್ದೇನೆ ಅಂದುಕೊಂಡು ಕಟ್ ಮಾಡುತ್ತಾರೆ. ಕರೆಗೆ ಮುಂಚೆ ಒಂದು ಮೆಸೇಜ್ ಕಳಿಸಿ ನೋಡಿದೆ, ಗೊತ್ತಿರುವವರ ಹತ್ತಿರ ನಡೆಯುತ್ತದೆ, ಕಸ್ಟಮರ್ ಕೇರ್ ಹತ್ತಿರ ನಡೆಯುವುದಿಲ್ಲ. ಅಲ್ಲಿಗೆ ಚಾಟ್ ಅಥವಾ ಇಮೇಲ್. ಅದೂ ಇಲ್ಲದ ಕಡೆ ತಮ್ಮನೇ ಫೋನ್ ಮಾಡುತ್ತಾನೆ, ನಾನು ಪಕ್ಕದಲ್ಲಿ ಕೂತು ಏನು ಹೇಳಬೇಕು ಅಂತ ಹೇಳಿಕೊಡುತ್ತೇನೆ.