ಮಕ್ಕಳೊಂದಿಗೆ ಪ್ಲುಟಾರ್ಕನನ್ನು ಓದುವ ಬಗೆ

ಮನೆಯಲ್ಲಿಯೇ ಮಕ್ಕಳಿಗೆ ಪಾಠ ಹೇಳುವವರು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕನು ಬರೆದ ಗ್ರೀಕ್ ಮತ್ತು ರೋಮನ್ ನಾಯಕರ ಜೀವನಚರಿತ್ರೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿಸಲು ಹೊರಟರೆ, ವಂಶಾವಳಿ ಮತ್ತು ಯುದ್ಧಗಳ ವಿವರಗಳಲ್ಲಿಯೇ ಮಕ್ಕಳ ಆಸಕ್ತಿ ಬತ್ತಿಹೋಗುತ್ತದೆ. ಸಾವಿರಾರು ಜನ ಸಾಯುವ ಕಾಳಗಕ್ಕಿಂತ ಒಂದು ಸಣ್ಣ ಮಾತು ಅಥವಾ ಹಾಸ್ಯ ವ್ಯಕ್ತಿಯ ಸ್ವಭಾವವನ್ನು ಹೆಚ್ಚು ತೋರಿಸಬಲ್ಲದೆಂದು ಅಲೆಕ್ಸಾಂಡರನ ಚರಿತ್ರೆಯ ಆರಂಭದಲ್ಲಿ ಪ್ಲುಟಾರ್ಕನೇ ಹೇಳಿದ್ದಾನೆ. ಭಾಗಗಳನ್ನು ಆರಿಸಲು ಅದೇ ಒಳ್ಳೆಯ ಅಳತೆಗೋಲು.

ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದ ರಾಜಕೀಯ ನಾಯಕ ಅರಿಸ್ಟೈಡೀಸನ ಪ್ರಸಂಗವನ್ನೇ ನೋಡಿ. ಅಥೆನ್ಸ್‌ನಲ್ಲಿ ಯಾರನ್ನು ಗಡೀಪಾರು ಮಾಡಬೇಕೆಂದು ಜನರು ಮಡಕೆಯ ಚೂರುಗಳ ಮೇಲೆ ಹೆಸರು ಬರೆಯುತ್ತಿದ್ದಾಗ, ಅಕ್ಷರ ಬಾರದವನೊಬ್ಬ ಎದುರಿಗಿರುವವನು ಯಾರೆಂದು ತಿಳಿಯದೆ, ತನ್ನ ಚೂರಿನ ಮೇಲೆ ಅರಿಸ್ಟೈಡೀಸನ ಹೆಸರನ್ನು ಬರೆದುಕೊಡುವಂತೆ ಅರಿಸ್ಟೈಡೀಸನನ್ನೇ ಕೇಳುತ್ತಾನೆ. ಆತನಿಂದ ನಿನಗೇನು ಅನ್ಯಾಯವಾಗಿದೆ ಎಂದು ಕೇಳಿದರೆ, ಅನ್ಯಾಯವೇನೂ ಇಲ್ಲ, ಎಲ್ಲರೂ ಆತನನ್ನು ‘ನ್ಯಾಯವಂತ’ ಎನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ ಎನ್ನುತ್ತಾನೆ. ಅರಿಸ್ಟೈಡೀಸ್ ಮರುಮಾತಾಡದೆ ಹೆಸರು ಬರೆದುಕೊಡುತ್ತಾನೆ. ಪುಸ್ತಕವನ್ನು ಇಲ್ಲಿಯೇ ಮುಚ್ಚಿ, ಮಗುವಿಗೆ ಕಥೆಯನ್ನು ತನ್ನ ಮಾತಿನಲ್ಲಿ ಹೇಳಲು ಬಿಡಿ. ಬಳಿಕ ‘ನೀನಾಗಿದ್ದರೆ ಬರೆಯುತ್ತಿದ್ದೆಯಾ?’ ಎಂದಷ್ಟೇ ಕೇಳಿ. ಉತ್ತರವನ್ನು ತಿದ್ದುವ ಅವಸರ ಬೇಡ. (ನೀತಿ ಹೇಳುವ ಚಪಲ ನಮ್ಮಂಥ ಹಿರಿಯರಿಗೇ ಹೆಚ್ಚು.)

ಒಂದು ಬಾರಿಗೆ ಎರಡು ಮೂರು ಪುಟ ಸಾಕು. ಕ್ರೌರ್ಯದ ಪ್ರಸಂಗಗಳು ಅಲ್ಲಲ್ಲಿ ಬರುವುದರಿಂದ ನೀವು ಮೊದಲೇ ಓದಿ, ಬಿಡಬೇಕಾದುದನ್ನು ಗುರುತಿಸಿಕೊಳ್ಳಬೇಕು. ತುಸು ದೊಡ್ಡ ಮಕ್ಕಳಾದರೆ, ಪ್ಲುಟಾರ್ಕನು ಅರಿಸ್ಟೈಡೀಸನಿಗಿಂತ ಸುಮಾರು 500 ವರ್ಷಗಳ ನಂತರ ಬದುಕಿದ್ದವನೆಂಬುದನ್ನು ತಿಳಿಸಿ, ಈ ಸಂಭಾಷಣೆ ಆತನಿಗೆ ಹೇಗೆ ಗೊತ್ತಾಗಿರಬಹುದೆಂದು ಅವರನ್ನೇ ಯೋಚಿಸಲು ಬಿಡಬಹುದು.