ಅರಣ್ಯ ಹಕ್ಕಿನ ಅರ್ಜಿಯಲ್ಲಿ ವಿಶ್ವಸಂಸ್ಥೆಗೆ ಎರಡೇ ಸಾಲು ಸಾಕು

ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಮಲೆಕುಡಿಯ, ಗೌಡಲು, ಹಸಲರಂಥ ಬುಡಕಟ್ಟಿನವರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಕಾಡಿನ ಜಮೀನಿನ ಹಕ್ಕು ಕೇಳಲು ಯಾರಾದರೂ ಬರೆದುಕೊಟ್ಟ ಅರ್ಜಿ ನೋಡಿ. ಮೊದಲ ಪುಟದ ತುಂಬಾ ವಿಶ್ವಸಂಸ್ಥೆ, ಮೂಲನಿವಾಸಿ, ಮಾನವ ಹಕ್ಕು. ಜಮೀನಿನ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಮಾತ್ರ ಎಲ್ಲೂ ಇಲ್ಲ! ಅರ್ಜಿ ಬಿದ್ದುಹೋದಾಗ ಕಷ್ಟ ಬರೆದವರಿಗಲ್ಲ, ಮನೆಯವರಿಗೆ.

ಮೊದಲು ನಮೂನೆ. ಸಾಗುವಳಿಗೆ, ಮನೆಗೆ ಎ. ಜೇನು, ಸೀಗೆ, ಬೆತ್ತ ತರುವ ಊರೊಟ್ಟಿನ ಹಕ್ಕಿಗೆ ಬಿ. ಊರೇ ಕಾಯ್ದುಕೊಂಡು ಬಂದ ಕಾಡಿಗೆ ಸಿ. ನಮೂನೆ 57 ಬಗರ್‌ಹುಕುಂನದು, ಅಂದರೆ ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ ಸಕ್ರಮಕ್ಕೆ, ಅದನ್ನು ಇಲ್ಲಿ ತರಬೇಡಿ.

ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲೇ ಜಾಗ ನಿಮ್ಮ ಅನುಭವದಲ್ಲಿತ್ತು ಎಂದು ತೋರಿಸಬೇಕು. ಬೇರೆಯವರಾದರೆ ಆ ತಾರೀಖಿಗೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ. ಸಾಕ್ಷ್ಯ ಒಂದಕ್ಕಿಂತ ಜಾಸ್ತಿ ಇರಲಿ. ರೇಷನ್ ಕಾರ್ಡ್, ಮನೆ ಕಂದಾಯದ ರಸೀದಿ ಎಲ್ಲರೂ ಇಡುತ್ತಾರೆ. ಅರಣ್ಯ ಇಲಾಖೆಯ ಹಳೇ ಒತ್ತುವರಿ ಕೇಸು, ದಂಡದ ರಸೀದಿಗಳನ್ನು ಮಾತ್ರ ಹೆದರಿ ಬಚ್ಚಿಡುತ್ತಾರೆ. ಬಚ್ಚಿಡಬೇಡಿ. ಆಗಲೇ ನೀವು ಅಲ್ಲಿದ್ದಿರಿ ಎಂದು ಇಲಾಖೆಯೇ ಬರೆದುಕೊಟ್ಟ ಕಾಗದ ಅದು. ಬರೀ ಅದನ್ನೇ ನೆಪ ಮಾಡಿ ಅರ್ಜಿ ತಿರಸ್ಕರಿಸುವ ಹಾಗಿಲ್ಲ ಎಂದು 2012ರ ತಿದ್ದುಪಡಿ ನಿಯಮದಲ್ಲಿದೆ.

ಹಿರಿಯರ ಹೇಳಿಕೆಗೂ ಬೆಲೆಯಿದೆ. ಅರ್ಜಿದಾರರೇ ಆ ಹಿರಿಯರಾಗಬಾರದು ಅಷ್ಟೆ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಅಚ್ಚುಹಾಕಿದ ಹೇಳಿಕೆ ಸುಮ್ನೆ ದುಡ್ಡು ದಂಡ. ಹತ್ತು ಮನೆಯ ಹಿರಿಯರೂ ಒಂದೇ ಮಾತು ಹೇಳಿದರೆ ಯಾರು ನಂಬುತ್ತಾರೆ? ಅವರು ಆಡಿದ ಹಾಗೇ ಬರೆಯಿರಿ. ಗದ್ದೆ ಕಡಿದವರು ಯಾರು, ಯಾರನ್ನು ಎಲ್ಲಿ ಮಣ್ಣು ಮಾಡಿದರು, ದೈವದ ಕಲ್ಲು ಎಲ್ಲಿದೆ. ಇಸವಿ ನೆನಪಿಲ್ಲದಿದ್ದರೆ 1976ರಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ ಹುಟ್ಟುವ ಮೊದಲೋ ಆಮೇಲೋ ಎಂದು ಕೇಳಿ.

ಹೆಚ್ಚಿನ ಅರ್ಜಿ ಕೆಡುವುದು ಸ್ಥಳ ಪರಿಶೀಲನೆಯಲ್ಲಿ. ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿ ಬರುವ ದಿನ ಅರಣ್ಯ, ಕಂದಾಯ ಇಲಾಖೆಯವರೂ ಇರಬೇಕು. ಅವರಿಗೆ ನೋಟಿಸ್ ಹೋಗಿದೆಯೇ ನೋಡಿ, ಸ್ವೀಕೃತಿಯ ನಕಲು ಇಟ್ಟುಕೊಳ್ಳಿ. ನೀವು ತಪ್ಪದೆ ಇರಿ, ಹೇಳಿಕೆ ಕೊಟ್ಟ ಹಿರಿಯರನ್ನೂ ಕರೆದುಕೊಂಡು ಬನ್ನಿ. ಚೆಕ್ಕುಬಂದಿಯ ಉದ್ದಕ್ಕೂ ನಡೆಸಿ: ಅಗಳು, ಹಳೇ ಹಲಸು, ಬಾವಿ, ಪಾಯದ ಕಲ್ಲು. ಒಂದೊಂದನ್ನೂ ಮಹಜರಿನಲ್ಲಿ ಬರೆಸಿ. ಅಧಿಕಾರಿಗಳು ಹುದ್ದೆ, ತಾರೀಖು, ಅಭಿಪ್ರಾಯವಿದ್ದರೆ ಅದನ್ನೂ ಬರೆದೇ ಸಹಿ ಹಾಕಬೇಕು. ‘ಆಫೀಸಿಗೆ ಹೋಗಿ ಹಾಕ್ತೀವಿ’ ಎಂದರೆ ಒಪ್ಪಬೇಡಿ. ಖಾಲಿ ಹಾಳೆಗಂತೂ ನೀವು ಸಹಿ ಹಾಕಲೇಬೇಡಿ. ಉಪಗ್ರಹ ಚಿತ್ರದಲ್ಲಿ ಕಾಡೇ ಕಾಣುತ್ತಿದೆ ಎನ್ನಬಹುದು. ಮರದ ನೆರಳಿನ ಏಲಕ್ಕಿ, ಕಾಫಿ ಮೇಲಿಂದ ಕಾಡಿನಂತೆಯೇ ಕಾಣುತ್ತದೆ, ಅಲ್ವಾ? ಆ ಚಿತ್ರ ಬೇರೆ ಸಾಕ್ಷ್ಯದ ಜೊತೆಗೆ ಇರಬಹುದು, ಅದರ ಬದಲಿಗೆ ಅಲ್ಲ. ಇದೂ ನಿಯಮವೇ.

ಆಮೇಲೆ ಗ್ರಾಮಸಭೆ. ಅರ್ಧದಷ್ಟು ಜನ ಸೇರಬೇಕು, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರು.

ತಿರಸ್ಕಾರವಾದರೆ ಕಾರಣ ಬರೆದ ಹಿಂಬರಹ ಕೇಳಿ ಪಡೆಯಿರಿ. 60 ದಿನದೊಳಗೆ ಮೇಲ್ಮನವಿ: ಗ್ರಾಮಸಭೆಯ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ. ವಿಶ್ವಸಂಸ್ಥೆ ಬರಬೇಕಾದದ್ದು ಈ ಮೇಲ್ಮನವಿಯಲ್ಲಿ, ನಿಯಮಗಳನ್ನೆಲ್ಲ ಬರೆದ ಮೇಲೆ, ಕೊನೆಯಲ್ಲಿ. ಅದರಲ್ಲೂ ಮೊದಲು ವಿಶ್ವಸಂಸ್ಥೆಯದೇ ಅಂಗವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ, ಬುಡಕಟ್ಟು ಜನರ ಕುರಿತ 107ನೇ ಒಪ್ಪಂದ ಬರೆಯಿರಿ. ಭಾರತ ಅದನ್ನು 1958ರಲ್ಲೇ ಅಂಗೀಕರಿಸಿದೆ. ಪರಂಪರೆಯಿಂದ ಅನುಭವಿಸಿಕೊಂಡು ಬಂದ ಭೂಮಿಯ ಒಡೆತನವನ್ನು ಮಾನ್ಯ ಮಾಡಬೇಕು ಎನ್ನುತ್ತದೆ ಅದರ 11ನೇ ವಿಧಿ. ಎಲ್ಲರೂ ಬರೆಯುವ 169ನೇ ಒಪ್ಪಂದವನ್ನು ಭಾರತ ಅಂಗೀಕರಿಸಿಯೇ ಇಲ್ಲ, ಅದನ್ನು ಹಿಡಿದು ವಾದ ಮಾಡಿದರೆ ನಿಮಗೇ ಮುಜುಗರ. ಎರಡನೇ ಸಾಲು ಮೂಲನಿವಾಸಿಗಳ ಹಕ್ಕುಗಳ ಬಗೆಗಿನ 2007ರ ವಿಶ್ವಸಂಸ್ಥೆ ಘೋಷಣೆಯ 26ನೇ ವಿಧಿ, ಭೂಮಿಯ ಹಕ್ಕಿನದು. ಪರವಾಗಿ ಮತ ಹಾಕಿದ 144 ದೇಶಗಳಲ್ಲಿ ಭಾರತವೂ ಇತ್ತು. ಆದರೆ ಘೋಷಣೆ ಕಾನೂನಲ್ಲ, ಅದೊಂದರಿಂದಲೇ ಹಕ್ಕುಪತ್ರ ಬರುವುದಿಲ್ಲ.

ಅರ್ಜಿಯ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಅರಣ್ಯ ಹಕ್ಕು ಕಾಯ್ದೆಯ 4(5)ನೇ ಕಲಂ ಹೇಳುವುದು ಅದನ್ನೇ. ಅದರ ನಕಲನ್ನು ಅರ್ಜಿಯ ಸ್ವೀಕೃತಿ ಜೊತೆ ಮನೆಯಲ್ಲಿಡಿ. ಹಕ್ಕುಪತ್ರ ಬಂದ ದಿನ ಗಂಡ ಹೆಂಡತಿ ಇಬ್ಬರ ಹೆಸರೂ ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ತಿದ್ದಿಸಿ.