ಮುಟ್ಟಿನ ಹೊಟ್ಟೆನೋವೇ? ಮೊದಲು ಲಾಡಿ ಸಡಿಲ ಮಾಡಿ

ಮಣಿಪಾಲದ ಹಾಸ್ಟೆಲಿನಲ್ಲಿದ್ದಾಗ ಪ್ರತಿ ತಿಂಗಳೂ ನೋಡಿದ್ದು ಇದು. ಮುಟ್ಟಿನ ಮೊದಲ ದಿನ ಹುಡುಗಿಯರು ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಮುದುಡಿ ಮಲಗುತ್ತಿದ್ದರು. ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕದಿಂದ ಗರ್ಭಕೋಶ ಮೊದಲೇ ಹಿಂಡುತ್ತಿರುತ್ತದೆ. ಅದರ ಮೇಲೆ ನಾವೂ ಮೈ ಬಿಗಿ ಮಾಡಿದರೆ ಕಷ್ಟ ಜಾಸ್ತಿಯೇ ಅಲ್ವಾ?

ಮೊದಲು ಶಾಖ. ರಬ್ಬರ್ ಚೀಲಕ್ಕೆ ಮುಕ್ಕಾಲಿಗಿಂತ ಕಡಿಮೆ ಬಿಸಿನೀರು ಹಾಕಿ, ಗಾಳಿ ಹೊರಗೆ ಒತ್ತಿ ಮುಚ್ಚಿ. ಬೈರಾಸಿನಲ್ಲಿ ಸುತ್ತಿ ಕಿಬ್ಬೊಟ್ಟೆಯ ಮೇಲಿಡಿ. ಕುದಿಯುವ ನೀರು ಬೇಡವೇ ಬೇಡ.

ಇನ್ನು ಉಸಿರು. ಹೆಚ್ಚಿನವರು ಎಡವುವುದು ಇಲ್ಲೇ. ಚಾಪೆಯಲ್ಲಿ ಅಂಗಾತ ಮಲಗಿ, ಮಂಡಿಯ ಕೆಳಗೆ ದಿಂಬಿಡಿ. ಚೂಡಿದಾರದ ಲಾಡಿ ಸಡಿಲ ಮಾಡಿ. ಒಂದು ಕೈ ಎದೆ ಮೇಲೆ, ಇನ್ನೊಂದು ಹೊಕ್ಕುಳಿನ ಕೆಳಗೆ. ಉಸಿರೆಳೆಯಿರಿ ಅಂದ ಕೂಡಲೇ ಎಲ್ಲರೂ ಎದೆ ಉಬ್ಬಿಸಿ ಹೊಟ್ಟೆ ಒಳಗೆಳೆಯುತ್ತಾರೆ. ಅದು ಉಲ್ಟಾ. ಕೆಳಗಿನ ಕೈ ಏಳಬೇಕು, ಮೇಲಿನದು ಹೆಚ್ಚು ಅಲ್ಲಾಡಬಾರದು. ನಾಲ್ಕು ಎಣಿಸುತ್ತಾ ಮೂಗಿನಲ್ಲಿ ಎಳೆದು, ಆರು ಎಣಿಸುತ್ತಾ ಬಿಡಿ. ಸೆಳೆತ ಬಂದ ಹೊತ್ತಿಗೇ ಉಸಿರನ್ನು ಉದ್ದಕ್ಕೆ ಬಿಡಿ, ಕಟ್ಟಿ ಹಿಡಿಯಬೇಡಿ.

ಐದು ನಿಮಿಷ ಹೀಗೆ ಮಾಡಿದ ಮೇಲೆ ಪಾದದಿಂದ ಶುರು ಮಾಡಿ. ಒಂದೊಂದೇ ಭಾಗವನ್ನು 5 ಸೆಕೆಂಡು ಬಿಗಿ ಮಾಡಿ, ಥಟ್ಟನೆ ಬಿಡಿ. ಸ್ವಲ್ಪ ಸ್ವಲ್ಪವೇ ಇಳಿಸಿದರೆ ಸಡಿಲವಾದದ್ದು ಗೊತ್ತೇ ಆಗುವುದಿಲ್ಲ. 20 ಸೆಕೆಂಡು ಸುಮ್ನೆ ಇದ್ದು ಮುಂದಿನದಕ್ಕೆ ಹೋಗಿ: ಮೀನಖಂಡ, ತೊಡೆ, ಮುಷ್ಟಿ, ಭುಜ, ದವಡೆ. ಹೊಟ್ಟೆಯನ್ನು ಮಾತ್ರ ಬಿಗಿ ಮಾಡಬೇಡಿ. ದವಡೆಯನ್ನು ಮರೆಯಲೂಬೇಡಿ. ನನ್ನ ತಂಗಿಯ ಗಂಟು ಹಾಕಿದ ಹುಬ್ಬು ಬಿಚ್ಚಿಕೊಳ್ಳುತ್ತಿದ್ದುದು ದವಡೆ ಸಡಿಲವಾದ ಮೇಲೆಯೇ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 20ನೇ ಶತಮಾನದ ಮೊದಲ ದಶಕಗಳಲ್ಲಿ ರೂಪಿಸಿದ ಕ್ರಮ ಇದು.

ನೋವಿಗೆಂದು ಮಾರುವ ಬಿಗಿ ಬೆಲ್ಟಿಗೆ ದುಡ್ಡು ಹಾಕಬೇಡಿ. ಬಿಗಿ ಬಿಡಬೇಕಾದ ಕಡೆ ಬಿಗಿದು ಕಟ್ಟುವುದು ಯಾಕೆ?

ವ್ಯಾಯಾಮವನ್ನು ನೋವು ಬಂದ ದಿನಕ್ಕೆ ಇಟ್ಟುಕೊಳ್ಳಬೇಡಿ. ವಾರಕ್ಕೆ ಕನಿಷ್ಠ ಮೂರು ಸಲ, 45ರಿಂದ 60 ನಿಮಿಷ, ತಿಂಗಳು ಪೂರ್ತಿ ಬೇಕು. ಯೋಗವೂ ಆಗುತ್ತದೆ. ನನಗೆ ನಡಿಗೆಯೇ ಇಷ್ಟ. ಮಣಿಪಾಲದವರಿಗೆ ಎಂಡ್ ಪಾಯಿಂಟ್ ಇದೆ, ಮಂಗಳೂರಿನವರಿಗೆ ಕದ್ರಿ ಪಾರ್ಕ್. ನಮ್ಮ ಸೆಕೆಗೆ ಬೆಳಿಗ್ಗೆಯೇ ಹೋಗಿಬನ್ನಿ. ಎರಡು ಮೂರು ತಿಂಗಳು ಬಿಡದೆ ಮಾಡಿ ನೋಡಿ.

ನೋವು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಮುಟ್ಟು ಮುಗಿದ ಮೇಲೂ ಉಳಿದರೆ, ಜ್ವರ ಬಂದರೆ, ಸ್ರಾವ ವಿಪರೀತವಾದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. 'ಮದುವೆಯಾದರೆ ಸರಿಹೋಗುತ್ತದೆ' ಅನ್ನುವವರ ಮಾತು ಕೇಳಿ ಕೂರಬೇಡಿ.